ಕ್ಯಾಪ್ಟನ್ ನೀಮೋನ ವಂಶಾವಳಿ: ಆವಿಯಂತ್ರ ಸಾಹಸಕಥನ ಮತ್ತು ಅದರ ಓದುಗ ಬಳಗ

ಸಾಹಿತ್ಯಪ್ರಕಾರಗಳಿಗೆ ಹೆಸರಿಡುವ ಕೆಲಸವನ್ನು ಸಾಮಾನ್ಯವಾಗಿ ಲಾಕ್ಷಣಿಕರು ಮಾಡುತ್ತಾರೆ. ಇಲ್ಲವೇ ಲಕ್ಷ್ಯಗಳು ಹುಟ್ಟಿ ಬಹುಕಾಲವಾದ ಮೇಲೆ ಸಾಹಿತ್ಯ ಚರಿತ್ರಕಾರರು ಮಾಡುತ್ತಾರೆ. ‘ಸ್ಟೀಮ್‌ಪಂಕ್’ ಎಂಬ ಹೆಸರು ಬಂದದ್ದು ಈ ಎರಡು ದಾರಿಗಳಿಂದಲೂ ಅಲ್ಲ. ‘ಲೋಕಸ್’ ಎಂಬ ಅಮೆರಿಕದ ಪತ್ರಿಕೆಯ 1987ರ ಏಪ್ರಿಲ್ ಸಂಚಿಕೆಯಲ್ಲಿ ಪ್ರಕಟವಾದ ಒಂದು ಪತ್ರದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಪತ್ರ ಬರೆದವರು ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್. ತಾವೂ ತಮ್ಮ ಗೆಳೆಯರಾದ ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕ್ ಅವರೂ ವಿಕ್ಟೋರಿಯಾ ರಾಣಿಯ ಕಾಲವನ್ನು ರಂಗವಾಗಿರಿಸಿಕೊಂಡು ಬರೆಯುತ್ತಿದ್ದ ಅದ್ಭುತಕಥೆಗಳಿಗೆ ಒಂದು ಸಾಮೂಹಿಕ ನಾಮ ಬೇಕಾದೀತೆಂದೂ, ಆ ಯುಗದ ಯಂತ್ರವಿದ್ಯೆಯಿಂದಲೇ ಅದನ್ನು ಆರಿಸಿಕೊಳ್ಳಬಹುದೆಂದೂ ಅವರು ಅರೆವಿನೋದದಿಂದ ಸೂಚಿಸಿದ್ದರು. ಆಗ ಗಣಕಯಂತ್ರಗಳ ಭವಿಷ್ಯಲೋಕವನ್ನು ಚಿತ್ರಿಸುವ ‘ಸೈಬರ್‌ಪಂಕ್’ ಕಥೆಗಳು ಪ್ರಚಾರದಲ್ಲಿದ್ದವು. ಹೊಸ ಹೆಸರು ಅದರ ಅಣಕ. ‘ಲೋಕಸ್’ ಪತ್ರಿಕೆಯಾದರೂ 1968ರಲ್ಲಿ ಓದುಗರೇ ಪ್ರತಿ ತೆಗೆದು ಹಂಚುತ್ತಿದ್ದ ಹಾಳೆಗಳಾಗಿ ಹುಟ್ಟಿದ್ದು. ಹೀಗೆ ಓದುಗರ ಪತ್ರಿಕೆಯಲ್ಲಿ, ಪತ್ರವ್ಯವಹಾರದ ನಡುವೆ, ತಮಾಷೆಗೆಂದು ಇಟ್ಟ ಹೆಸರು ಇಂದು ಗ್ರಂಥಾಲಯಗಳ ವಿಷಯಸೂಚಿಯಲ್ಲಿ ಸ್ಥಾನ ಪಡೆದಿದೆ.

ನಡುಗನ್ನಡ ಕಾವ್ಯಗಳ ಪಾಠವಿಚಾರದಲ್ಲಿ ತೊಡಗಿರುವ ನಮಗೆ ಈ ವಸ್ತು ದೂರದ್ದೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ಅನಿಸಿಲ್ಲ. ಕೃತಿಯೊಂದನ್ನು ಬರೆದವನ ಕೈಯಿಂದ ಬಿಡಿಸಿಕೊಂಡು ಓದಿದವನು ಮುಂದುವರಿಸುವುದು ನಮ್ಮ ಪರಂಪರೆಗೆ ಹೊಸತಲ್ಲ. ಬಾಣನು ಅರ್ಧಕ್ಕೆ ಬಿಟ್ಟ ‘ಕಾದಂಬರಿ’ಯನ್ನು ಅವನ ಮಗ ಪೂರ್ತಿಗೊಳಿಸಿದ, ನಾಗವರ್ಮನು ಕನ್ನಡಕ್ಕೆ ತಂದದ್ದು ತಂದೆಮಕ್ಕಳಿಬ್ಬರ ಕೃತಿಯನ್ನು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದ. ‘ಶೂನ್ಯಸಂಪಾದನೆ’ಯಂತೂ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣೊಡೆಯನವರೆಗೆ ನಾಲ್ವರ ಕೈಯಲ್ಲಿ ನಾಲ್ಕು ರೂಪಗಳನ್ನು ತಾಳಿತು, ಪ್ರತಿಯೊಬ್ಬನೂ ಮೊದಲು ಓದುಗ, ಅನಂತರ ಸಂಪಾದಕ. ‘ಸಹೃದಯ’ ಎಂಬ ಶಬ್ದವನ್ನು ನಮ್ಮ ಮೀಮಾಂಸಕರು ರಸಾಸ್ವಾದಕ್ಕೆ ಮೀಸಲಿಟ್ಟರು. ಲೇಖನಿ ಹಿಡಿದ ಸಹೃದಯನಿಗೆ ಅವರು ಪ್ರತ್ಯೇಕವಾದ ಹೆಸರನ್ನು ಇಡಲಿಲ್ಲ. ಇಂಗ್ಲಿಷಿನ ‘ಫ್ಯಾನ್’ ಶಬ್ದಕ್ಕೆ ನಾವು ಬಳಸುವ ‘ಅಭಿಮಾನಿ’ಯು ಚಲನಚಿತ್ರ ನಟರ ಕಟೌಟಿಗೆ ಹಾಲೆರೆಯುವವರ ಪಾಲಾಗಿರುವುದರಿಂದ, ಪ್ರಕೃತ ಲೇಖನದಲ್ಲಿ ‘ಓದುಗ ಬಳಗ’ ಎಂಬ ಮಾತನ್ನೇ ಬಳಸುತ್ತೇವೆ.

ಸ್ಟೀಮ್‌ಪಂಕಿನ ಲಕ್ಷಣವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಆವಿಯಂತ್ರ, ಹಿತ್ತಾಳೆಯ ಗಾಲಿಹಲ್ಲುಗಳು, ಗಾಳಿಹಡಗುಗಳು ಇವುಗಳ ಯುಗವು ಮುಗಿಯದೆ ಮುಂದುವರಿದಿದ್ದರೆ, ಅಥವಾ ಆ ಯುಗದಲ್ಲಿ ಕನಸಾಗಿಯೇ ಉಳಿದ ಯಂತ್ರಗಳು ನಿಜವಾಗಿದ್ದರೆ, ಏನಾಗುತ್ತಿತ್ತು ಎಂಬ ಊಹೆಯ ಮೇಲೆ ಕಟ್ಟಿದ ಸಾಹಸಕಥೆ. ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ 1990ರಲ್ಲಿ ಪ್ರಕಟಿಸಿದ ‘ದಿ ಡಿಫರೆನ್ಸ್ ಎಂಜಿನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಚಾರ್ಲ್ಸ್ ಬ್ಯಾಬೇಜನ ಲೆಕ್ಕಯಂತ್ರಕ್ಕೆ ಬ್ರಿಟಿಷ್ ಸರಕಾರವು 1842ರಲ್ಲಿ ನೆರವನ್ನು ನಿಲ್ಲಿಸಿದ್ದು ಇತಿಹಾಸ. ಅದು ಸಿದ್ಧವಾಗಿ ದೇಶವನ್ನೇ ಆಳತೊಡಗಿತು ಎಂಬುದು ಕಾದಂಬರಿ. ಕಾದಂಬರಿ ಬಂದ ಮರುವರ್ಷವೇ, ಬ್ಯಾಬೇಜನ ಇನ್ನೂರನೆಯ ಜನ್ಮವರ್ಷಕ್ಕೆಂದು, ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು ಅವನ ಎರಡನೆಯ ವಿನ್ಯಾಸದಂತೆ ಯಂತ್ರವನ್ನು ನಿರ್ಮಿಸಿ, ಅದು ಸರಿಯಾಗಿ ಲೆಕ್ಕ ಮಾಡುತ್ತದೆಂದು ತೋರಿಸಿಕೊಟ್ಟರು.

ಆದರೆ ಈ ಕಥನದ ಬೇರು 1990ರಲ್ಲಾಗಲಿ 1987ರಲ್ಲಾಗಲಿ ಇಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಧಾರಾವಾಹಿಗಳಲ್ಲಿದೆ. ವಿಶೇಷವಾಗಿ ಜೂಲ್ ವರ್ನನ ಕೃತಿಗಳಲ್ಲಿದೆ. ಅಲ್ಲಿ ಕ್ಯಾಪ್ಟನ್ ನೀಮೋ ಎಂಬ ಪಾತ್ರದ ಪಾಠಚರಿತ್ರೆಯನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸಬೇಕಾಗಿದೆ. ಆವಿಯಂತ್ರ ಕಥನದಲ್ಲಿ ಯಾರ ಚರಿತ್ರೆ ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬ ಪ್ರಶ್ನೆ ಈ ಒಂದು ಪಾತ್ರದಲ್ಲಿ ಗಂಟುಬಿದ್ದಿದೆ.

ಪ್ಯಾರಿಸಿನ ಪ್ರಕಾಶಕ ಹೆಟ್ಜೆಲನು 1864ರಲ್ಲಿ ಆರಂಭಿಸಿದ ಪಾಕ್ಷಿಕದಲ್ಲಿ ‘ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗುಗಳು’ 1869-70ರ ಅವಧಿಯಲ್ಲಿ ಧಾರಾವಾಹಿಯಾಗಿ ಬಂತು. ಪತ್ರಿಕೆ ಮನೆಮಂದಿಯೆಲ್ಲ ಕೂಡಿ ಓದುವಂಥದ್ದು. ಅದರ ಕಥೆಗಳು ಅನಂತರ ಹೊಸವರ್ಷದ ಉಡುಗೊರೆಯಾಗಿ ಕೊಡಲೆಂದು ಅಂದವಾದ ರಟ್ಟಿನ ಗ್ರಂಥಗಳಾಗುತ್ತಿದ್ದವು. ‘ನಾಟಿಲಸ್’ ಎಂಬ ಜಲಾಂತರ್ಗಾಮಿಯ ಒಡೆಯನ ಹೆಸರು ನೀಮೋ. ಲ್ಯಾಟಿನ್ನಿನಲ್ಲಿ ‘ಯಾರೂ ಅಲ್ಲ’ ಎಂದರ್ಥ. ವರ್ನನ ಮೂಲ ಸಂಕಲ್ಪದಲ್ಲಿ ಅವನು ಯಾರೂ ಅಲ್ಲದವನಾಗಿರಲಿಲ್ಲ. 1863ರ ಬಂಡಾಯದಲ್ಲಿ ರಷ್ಯನ್ ಸೈನ್ಯದಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನ ಕುಲೀನನಾಗಿದ್ದ. ಹೆಟ್ಜೆಲನಿಗೆ ಇದು ಒಪ್ಪಿಗೆಯಾಗಲಿಲ್ಲ. ರಷ್ಯದ ಗ್ರಾಹಕರನ್ನೂ ರಷ್ಯದ ಸ್ನೇಹವನ್ನೂ ಕಳೆದುಕೊಳ್ಳಲು ಅವನು ಸಿದ್ಧನಿರಲಿಲ್ಲ. ಗುಲಾಮರ ವ್ಯಾಪಾರಿಗಳನ್ನು ನೀಮೋನ ಶತ್ರುಗಳನ್ನಾಗಿಸುವಂತೆ ಅವನು ಸಲಹೆಯಿತ್ತ. ವರ್ನ್ ಅದನ್ನು ಒಪ್ಪಲಿಲ್ಲ. ಆದರೆ ಪೋಲೆಂಡನ್ನೂ ಉಳಿಸಿಕೊಳ್ಳಲಾಗಲಿಲ್ಲ. ಹೀಗೆ ನೀಮೋ ದೇಶವಿಲ್ಲದವನಾಗಿ ಮುದ್ರಣಗೊಂಡ. ಅವನ ಕೋಣೆಯ ಗೋಡೆಯಲ್ಲಿ ತೂಗುವ ಸ್ವಾತಂತ್ರ್ಯವೀರರ ಚಿತ್ರಗಳಲ್ಲಿ ಪೋಲೆಂಡಿನ ಕೊಸ್ಯೂಷ್ಕೋನ ಚಿತ್ರ ಮಾತ್ರ ಉಳಿದುಕೊಂಡಿತು. ಅಳಿಸಿದ ಅಕ್ಷರದ ಗುರುತು ಓಲೆಯ ಮೇಲೆ ಉಳಿಯುವಂತೆ.

ಐದು ವರ್ಷಗಳ ತರುವಾಯ ಅದೇ ಪತ್ರಿಕೆಯಲ್ಲಿ, 1874-75ರಲ್ಲಿ, ‘ರಹಸ್ಯದ್ವೀಪ’ ಬಂತು. ಅಲ್ಲಿ ಮುದಿ ನೀಮೋ ತನ್ನ ಜನ್ಮವೃತ್ತಾಂತವನ್ನು ಹೇಳುತ್ತಾನೆ. ಅವನು ರಾಜಕುಮಾರ ದಕ್ಕರ್. ಬುಂದೇಲಖಂಡದ ರಾಜನ ಮಗ. ಟೀಪೂ ಸುಲ್ತಾನನ ಸೋದರಳಿಯ. ಹತ್ತು ವರ್ಷದವನಿದ್ದಾಗ ಯುರೋಪಿಗೆ ಹೋಗಿ, ಮೂವತ್ತರವರೆಗೆ ಅಲ್ಲಿನ ಸಕಲ ವಿದ್ಯೆಗಳನ್ನು ಕಲಿತು, 1849ರಲ್ಲಿ ಹಿಂದಿರುಗುತ್ತಾನೆ. 1857ರಲ್ಲಿ ಬಂಡಾಯದ ಮುಂದಾಳಾಗಿ ಇಪ್ಪತ್ತು ಕದನಗಳಲ್ಲಿ ಹತ್ತು ಬಾರಿ ಗಾಯಗೊಂಡು, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಸಮುದ್ರದ ತಳವನ್ನು ಸೇರುತ್ತಾನೆ.

ಕನ್ನಡ ಓದುಗರ ಕಿವಿ ಇಲ್ಲಿ ನಿಮಿರುವುದು ಸಹಜ. ಫ್ರೆಂಚ್ ಶಬ್ದವು ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಕನ್ನಡದಲ್ಲಿ ಹಾಗೆ ತೇಲಿಸಿಬಿಡಲು ಬಾರದು. ತಂದೆ ಬುಂದೇಲಖಂಡದ ರಾಜನೆಂದ ಮೇಲೆ ತಾಯಿ ಟೀಪೂವಿನ ಸೋದರಿಯಾಗಬೇಕು. ಆದುದರಿಂದ ‘ಸೋದರಳಿಯ’ ಎಂದೇ ಅನುವಾದಿಸಿದ್ದೇವೆ. ಲೆಕ್ಕ ಹಾಕಿದರೆ ದಕ್ಕರನು ಹುಟ್ಟಿದ್ದು 1819ರ ಸುಮಾರಿಗೆ. ಶ್ರೀರಂಗಪಟ್ಟಣ ಬಿದ್ದು ಟೀಪೂ ಮಡಿದದ್ದು 1799ರ ಮೇ 4ರಂದು. ಹೈದರಲಿ ತೀರಿಕೊಂಡದ್ದು 1782ರಲ್ಲಿ. ಹೈದರನ ಕಟ್ಟಕಡೆಯ ಮಗಳೂ 1819ರಲ್ಲಿ ಮೂವತ್ತಾರನ್ನು ದಾಟಿರಬೇಕು. ಅಷ್ಟರಲ್ಲಿ ಆ ಮನೆತನವು ವೆಲ್ಲೂರಿನ ಬಂಧನವನ್ನು ಕಂಡು, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಲ್ಪಟ್ಟಿತ್ತು. ಬುಂದೇಲಖಂಡದ ಸಂಬಂಧವನ್ನು ಇಲ್ಲಿ ಹೊಂದಿಸುವುದು ಕಷ್ಟ. ಆದರೆ ವರ್ನನಿಗೆ ಬೇಕಾಗಿದ್ದುದು ವಂಶಾವಳಿಯ ಪ್ರಾಮಾಣ್ಯವಲ್ಲ, ಹೆಸರಿನ ಧ್ವನಿ. ಫ್ರಾನ್ಸಿನಲ್ಲಿ ಆ ಧ್ವನಿ ಜೀವಂತವಾಗಿತ್ತು. ಟೀಪೂವಿನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. 1813ರಲ್ಲಿ ಎಟಿಯೆನ್ ದ ಜೂಯಿ ಅವನ ಮೇಲೊಂದು ದುರಂತ ನಾಟಕವನ್ನೇ ಬರೆದಿದ್ದ. ಇಂಗ್ಲಿಷರೊಡನೆ ಕೊನೆಯವರೆಗೂ ಹೋರಾಡಿದ ಭಾರತೀಯನೆಂದರೆ ಫ್ರೆಂಚ್ ಓದುಗರಿಗೆ ಮೊದಲು ಹೊಳೆಯುವ ಹೆಸರು ಅದು. ಮೈಸೂರಿನ ಅರಸನ ಹೆಸರು ಆವಿಯಂತ್ರ ಕಥನದ ಮೂಲಪುರುಷನ ವಂಶದಲ್ಲಿ ಸೇರಿಕೊಂಡದ್ದು ಹೀಗೆ.

ಎರಡು ಕಾದಂಬರಿಗಳ ಕಾಲಗಣನೆಯೂ ಒಂದಕ್ಕೊಂದು ಕೂಡುವುದಿಲ್ಲ. ಮೊದಲನೆಯದರ ಘಟನೆಗಳು 1866ರಿಂದ 1868ರವರೆಗಿನವು; ಎರಡನೆಯದರಲ್ಲಿ 1868ರಲ್ಲೇ ನೀಮೋ ಮುದುಕನಾಗಿ, ಆ ಘಟನೆಗಳು ನಡೆದು ಹದಿನಾರು ವರ್ಷಗಳಾದವೆನ್ನುತ್ತಾನೆ. ಗ್ರಂಥದ ಅಡಿಟಿಪ್ಪಣಿಯಲ್ಲಿ ಈ ವಿರೋಧವನ್ನು ಒಪ್ಪಿಕೊಂಡಿದೆ. ಇಂತಹ ತೊಡಕು ಭಾಷ್ಯಕಾರರಿಗೆ ಹಬ್ಬ. ಮುಂದೆ ಓದುಗ ಬಳಗಕ್ಕೂ ಹಬ್ಬವಾಯಿತು.

ಇಂಗ್ಲಿಷಿಗೆ ಬಂದಾಗ ಈ ಪಾಠಕ್ಕೆ ಒದಗಿದ ಗತಿಯನ್ನು ನಮ್ಮ ಸಂಶೋಧಕರು ಗಮನಿಸಬೇಕು. ‘ಇಪ್ಪತ್ತು ಸಾವಿರ ಲೀಗು’ಗಳನ್ನು 1870ರ ದಶಕದ ಆರಂಭದಲ್ಲಿ ಭಾಷಾಂತರಿಸಿದ ಲೂಯಿಸ್ ಮರ್ಸಿಯರ್ ಸುಮಾರು ನಾಲ್ಕನೆಯ ಒಂದು ಭಾಗವನ್ನು ಕತ್ತರಿಸಿಹಾಕಿದ. ‘ರಹಸ್ಯದ್ವೀಪ’ದ ಪ್ರಚಲಿತ ಅನುವಾದವು 1875ರಲ್ಲಿ ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ನನ ಹೆಸರಿನಲ್ಲಿ ಬಂತು. ಕೆಲಸ ಮಾಡಿದವಳು ಅವನ ಪತ್ನಿ ಆಗ್ನೆಸ್. ಅಲ್ಲಿ ದಕ್ಕರ್, ಬುಂದೇಲಖಂಡ, ಟೀಪೂ ಎಂಬ ಹೆಸರುಗಳು ಉಳಿದಿವೆ. ಹೋದದ್ದು ಅವುಗಳ ಅರ್ಥ. ಇಂಗ್ಲಿಷ್ ಪ್ರಭುತ್ವವನ್ನು ಕುರಿತ ನೀಮೋನ ಕಟುವಾದ ಮಾತುಗಳನ್ನು ತೆಗೆದುಹಾಕಿ, ಅರಾಜಕತೆಯಿಂದಲೂ ನಿರಂತರ ಯುದ್ಧದಿಂದಲೂ ಇಂಗ್ಲಿಷರು ಭಾರತೀಯರನ್ನು ಪಾರುಮಾಡಿ ಶಾಂತಿ ಸಮೃದ್ಧಿಗಳನ್ನು ತಂದಿದ್ದರೆಂದೂ, ದುರಾಸೆಯ ರಾಜರು ಜನರನ್ನು ದಂಗೆಗೆ ಎಬ್ಬಿಸಿದರೆಂದೂ ಹೊಸದಾಗಿ ಸೇರಿಸಲಾಗಿದೆ. ಪಾಠಾಂತರ ಬೇರೆ, ಪ್ರಕ್ಷೇಪ ಬೇರೆ, ಇದು ಎರಡನೆಯದು. ನಮ್ಮ ಲಿಪಿಕಾರರು ಕಣ್ತಪ್ಪಿನಿಂದಲೋ ಭಕ್ತಿಯಿಂದಲೋ ಪದ್ಯ ಸೇರಿಸಿದ್ದುಂಟು. ಪಾತ್ರದ ಬಾಯಿಯಿಂದ ಅವನ ಹಗೆಯನ್ನು ಕಿತ್ತು ಹಗೆಯ ವಕೀಲಿಯನ್ನು ನಿರೂಪಣೆಯಲ್ಲಿ ತುಂಬಿದ ಉದಾಹರಣೆ ನಮಗೆ ಬೇರೆ ತೋಚುತ್ತಿಲ್ಲ. ಮೂಲದಲ್ಲೂ ಪ್ರಕಾಶಕನ ಕೈ ಆಡದೆ ಇರಲಿಲ್ಲ. ಹಸ್ತಪ್ರತಿಯಲ್ಲಿ ನೀಮೋನ ಅಂತಿಮೋಕ್ತಿ ಸ್ವಾತಂತ್ರ್ಯವೆಂಬ ಒಂದೇ ಪದ. ಅಚ್ಚಿನಲ್ಲಿ ಅದು ದೇವರನ್ನೂ ತಾಯ್ನಾಡನ್ನೂ ನೆನೆಯುವ ಸಂಭಾವಿತ ಉದ್ಗಾರವಾಯಿತು.

ವರ್ನನನ್ನು ಸಾಮ್ರಾಜ್ಯವಿರೋಧಿಯೆಂದು ಹೊಗಳಿಬಿಡುವ ಆತುರವೂ ಸಲ್ಲದು. 1880ರಲ್ಲಿ ಅವನು ‘ಆವಿಮನೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ಭೂತಾನದ ರಾಜನಿಗೆಂದು ಇಂಗ್ಲಿಷ್ ಎಂಜಿನಿಯರನೊಬ್ಬ ನಿರ್ಮಿಸಿದ ಉಕ್ಕಿನ ಆನೆಯೊಂದು ಚಕ್ರದ ಮೇಲಿನ ಎರಡು ಮನೆಗಳನ್ನು ಎಳೆದುಕೊಂಡು, ಸೊಂಡಿಲಿನಿಂದ ಹೊಗೆ ಬಿಡುತ್ತ, ಕಲ್ಕತ್ತೆಯಿಂದ ಉತ್ತರ ಭಾರತದ ಉದ್ದಕ್ಕೂ ಸಂಚರಿಸುತ್ತದೆ. ಕಾಲ 1867. ಇಲ್ಲಿ 1857ರ ನಾಯಕನಾದ ನಾನಾ ಸಾಹೇಬನು ಬೇಟೆಯ ಮೃಗ. ಕಾನಪುರದಲ್ಲಿ ಹೆಂಡತಿಯನ್ನು ಕಳೆದುಕೊಂಡೆನೆಂದು ನಂಬಿದ ಇಂಗ್ಲಿಷ್ ಕರ್ನಲನು ಬೇಟೆಗಾರ. ಕೊನೆಗೆ ನಾನಾನನ್ನು ಯಂತ್ರಗಜಕ್ಕೆ ಕಟ್ಟಿಹಾಕಿ, ಅದರ ಬಾಯ್ಲರ್ ಸಿಡಿದು ಅವನು ಸಾಯುವಂತೆ ಮಾಡಲಾಗಿದೆ. ಐದೇ ವರ್ಷಗಳ ಹಿಂದೆ ಅದೇ ದಂಗೆಯ ವೀರನನ್ನು ಪೂಜಿಸಿದ ಲೇಖಕನೇ ಇವನು. ವರ್ನನ ಹುಟ್ಟೂರಾದ ನಾಂತ್‌ನಲ್ಲಿ 2007ರಿಂದ ಹನ್ನೆರಡು ಮೀಟರ್ ಎತ್ತರದ ಯಾಂತ್ರಿಕ ಆನೆಯೊಂದು ಜನರನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದೆ. ಮಕ್ಕಳು ಅದರ ಸೊಂಡಿಲಿನ ನೀರೆರಚಾಟಕ್ಕೆ ನಗುತ್ತಾರೆ. ಆನೆ ಉಳಿಯಿತು; ಅದಕ್ಕೆ ಕಟ್ಟಿದವನ ನೆನಪು ಹೋಯಿತು.

ಅಟ್ಲಾಂಟಿಕಿನ ಆಚೆ, ಅಮೆರಿಕದಲ್ಲಿ, ಇದೇ ಕಾಲದಲ್ಲಿ ಅಗ್ಗದ ಕಥಾಪುಸ್ತಕಗಳ ಹೊಳೆ ಹರಿಯುತ್ತಿತ್ತು. ನೂವರ್ಕಿನ ಡೆಡ್ರಿಕ್ ಮತ್ತು ಗ್ರಾಸ್ ಎಂಬಿಬ್ಬರು ಗಾಡಿ ಎಳೆಯುವ ಆವಿಮಾನವನೊಬ್ಬನಿಗೆ 1868ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷ ಎಡ್ವರ್ಡ್ ಎಲ್ಲಿಸ್ ‘ಹುಲ್ಲುಗಾವಲಿನ ಆವಿಮಾನವ’ ಎಂಬ ಕಥೆಯನ್ನು ಹೊರತಂದ. ಆ ಕಬ್ಬಿಣದ ಆಳಿನ ಮುಖಕ್ಕೆ ಕಪ್ಪು ಬಣ್ಣ ಬಳಿದಿದೆ, ಬಾಯಿ ಹಲ್ಲುಕಿರಿದಿದೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ತೊಲಗಿ ಆಗ ಮೂರೇ ವರ್ಷಗಳಾಗಿದ್ದವು. ಬಂಡಿ ಎಳೆಯಲು ದಣಿವಿಲ್ಲದ, ಎದುರಾಡದ ಕರಿಮುಖದ ಆಳು ಕಥೆಯಲ್ಲಿ ಸಿದ್ಧನಾದ. ಹೆಚ್ಚಿನ ವ್ಯಾಖ್ಯಾನ ಅನಾವಶ್ಯಕ. 1876ರಿಂದ ಹೊರಟ ಫ್ರಾಂಕ್ ರೀಡ್ ಕಥಾಮಾಲೆ ಈ ಆಳಿನ ಸಂತತಿ. ಅದನ್ನು ಮುಂದುವರಿಸಿದ ಲೂಯಿಸ್ ಸೆನಾರೆನ್ಸ್ ಬರೆಯಲು ಹಿಡಿದಾಗ ಹದಿಹರೆಯದವನು. ‘ಹೆಸರಿಲ್ಲದವನು’ ಎಂಬರ್ಥದ ಗುಪ್ತನಾಮದಲ್ಲಿ ಬರೆದ. ಓದುಗ ಮತ್ತು ಲೇಖಕರ ನಡುವಣ ವಯಸ್ಸಿನ ಅಂತರವೇ ಇಲ್ಲಿ ಅಳಿದಂತಾಯಿತು.

ಆ ವಯಸ್ಸಿನ ಓದುಗರು ಸುಮ್ಮನೆ ಓದುತ್ತ ಕೂರಲಿಲ್ಲ ಎಂಬುದು ಪ್ರಕೃತಕ್ಕೆ ಮುಖ್ಯ. ಮೇಜಿನ ಮೇಲಿಡಬಹುದಾದ ಸಣ್ಣ ಅಚ್ಚುಯಂತ್ರಗಳು 1860ರ ದಶಕದ ಕೊನೆಗೆ ಮಾರಾಟಕ್ಕೆ ಬಂದಿದ್ದವು. ಹುಡುಗರು ಮನೆಯಲ್ಲಿ ಮೊಳೆ ಜೋಡಿಸಿ ತಮ್ಮವೇ ಪುಟ್ಟ ಪತ್ರಿಕೆಗಳನ್ನು ಮುದ್ರಿಸಿ, ಅಂಚೆಯಲ್ಲಿ ವಿನಿಮಯ ಮಾಡಿಕೊಳ್ಳತೊಡಗಿದರು. 1876ರ ಜುಲೈ 4ರಂದು ಫಿಲಡೆಲ್ಫಿಯದಲ್ಲಿ ಅವರದೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಅಲ್ಲಿ ಬೆಲೆಯಿಲ್ಲ, ಸಂಭಾವನೆಯಿಲ್ಲ. ನನ್ನದೊಂದು ಪ್ರತಿಗೆ ನಿನ್ನದೊಂದು ಪ್ರತಿ. ಮುಂದಿನ ನೂರೈವತ್ತು ವರ್ಷಗಳ ಓದುಗ ಬಳಗಗಳ ವ್ಯವಹಾರನೀತಿ ಇದೇ ಆಗಿದೆ.

ಈ ನೀತಿಯನ್ನು ವಿಜ್ಞಾನಕಥೆಗಳಿಗೆ ಜೋಡಿಸಿದವನು, ತಿಳಿದೋ ತಿಳಿಯದೆಯೋ, ಹ್ಯೂಗೋ ಗರ್ನ್ಸ್‌ಬ್ಯಾಕ್. ಅವನ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯ 1926ರ ಏಪ್ರಿಲ್‌ನ ಮೊದಲ ಸಂಚಿಕೆಯಲ್ಲೇ ವರ್ನ್, ವೆಲ್ಸ್, ಪೋ ಇವರ ಕಥೆಗಳು ಪುನರ್ಮುದ್ರಣಗೊಂಡಿದ್ದವು. ಓದುಗರ ಪತ್ರಗಳನ್ನು ಅವನು ವಿಳಾಸ ಸಹಿತ ಅಚ್ಚುಮಾಡಿದ. ವಿಳಾಸ ಸಿಕ್ಕಿದ್ದೇ ತಡ, ಓದುಗರು ಸಂಪಾದಕನನ್ನು ಬದಿಗಿಟ್ಟು ತಮ್ಮತಮ್ಮಲ್ಲೇ ಬರೆದುಕೊಳ್ಳತೊಡಗಿದರು. 1930ರ ಮೇ ತಿಂಗಳಲ್ಲಿ ‘ದಿ ಕಾಮೆಟ್’ ಎಂಬ ಓದುಗರದೇ ಪತ್ರಿಕೆ ಹೊರಟಿತು. ಇಂಥವುಗಳಿಗೆ ‘ಫ್ಯಾನ್‌ಜೀನ್’ ಎಂಬ ಹೆಸರನ್ನು 1940ರಲ್ಲಿ ರಸೆಲ್ ಶೋವ್‌ನೆ ಕೊಟ್ಟ. ಜೆಲ್ಲಿ ಹಲಗೆಯಿಂದಲೂ ಸ್ಟೆನ್ಸಿಲ್ ಯಂತ್ರದಿಂದಲೂ ತೆಗೆದ, ನೀಲಿ ನೇರಳೆ ಮಸಿ ಹರಡಿದ ಆ ಹಾಳೆಗಳನ್ನು ನೋಡಿದವರಿಗೆ ನಮ್ಮ ಕಾಲೇಜುಗಳ ಸೈಕ್ಲೋಸ್ಟೈಲ್ ಪತ್ರಿಕೆಗಳ ನೆನಪಾಗದಿರದು.

ಇನ್ನು ಚಲನಚಿತ್ರದ ಪ್ರಭಾವ. 1954ರ ಡಿಸ್ನಿ ಚಿತ್ರದಲ್ಲಿ ಜೇಮ್ಸ್ ಮೇಸನ್ ನೀಮೋ ಆದ; ಇಂಡಿಯದ ಸುಳಿವೇ ಅಲ್ಲಿಲ್ಲ. ಅದರ ಕಲಾನಿರ್ದೇಶಕ ಹಾರ್ಪರ್ ಗಾಫ್ ನಾಟಿಲಸ್ಸಿಗೆ ರಿವೆಟ್ ಹೊಡೆದ ಕಬ್ಬಿಣದ ಮೈಯನ್ನೂ ಮೊಸಳೆಯ ಬೆನ್ನಿನಂಥ ಮುಳ್ಳುಸಾಲನ್ನೂ ಕೊಟ್ಟ. ಇಂದು ಸ್ಟೀಮ್‌ಪಂಕಿನ ದೃಶ್ಯರೂಪವೆಂದು ಜನ ಗುರುತಿಸುವುದು ಬಹುಮಟ್ಟಿಗೆ ಇದನ್ನೇ. ಮೂಲದಲ್ಲಿ ನಾಟಿಲಸ್ ನುಣುಪಾದ ಚುಟ್ಟಾ ಆಕಾರದ ಹಡಗು. ನಡೆಯುವುದು ಆವಿಯಿಂದಲ್ಲ, ಸಮುದ್ರದ ನೀರಿನಿಂದ ಪಡೆದ ಸೋಡಿಯಂ ಬಳಸುವ ವಿದ್ಯುತ್ಕೋಶಗಳಿಂದ. ಆವಿಯಂತ್ರ ಕಥನದ ಆದಿನೌಕೆಯಲ್ಲಿ ಆವಿಯೇ ಇಲ್ಲ!

ಓದುಗ ಬಳಗದೊಳಗಿಂದ ಬಂದ ಲೇಖಕರು ನೀಮೋನನ್ನು ಏನು ಮಾಡಿದರು? ಉತ್ತರ ಏಕರೂಪದ್ದಲ್ಲ. ಫಿಲಿಪ್ ಹೋಸೆ ಫಾರ್ಮರ್ 1973ರಲ್ಲಿ ಪ್ರಕಟಿಸಿದ ‘ಫಿಲಿಯಸ್ ಫಾಗನ ಇನ್ನೊಂದು ದಿನಚರಿ’ಯಲ್ಲಿ ನೀಮೋ ಬೇರೆ ಯಾರೂ ಅಲ್ಲ, ಷರ್ಲಾಕ್ ಹೋಮ್ಸನ ವೈರಿ ಮೊರಿಯಾರ್ಟಿಯೇ. ಎರಡು ಕಾದಂಬರಿಗಳ ಕಾಲವಿರೋಧವನ್ನು ಪರಿಹರಿಸುವ ನೆಪದಲ್ಲಿ ದಕ್ಕರನ ಕಥೆಯನ್ನೇ ಅಲ್ಲಿ ತಳ್ಳಿಹಾಕಲಾಗಿದೆ. ಹೋಮ್ಸನ ಓದುಗ ಬಳಗದಲ್ಲಿ ಮೊದಲೇ ಹುಟ್ಟಿದ್ದ ವಿನೋದದ ತರ್ಕ ಇದು, ಚತುರವಾದದ್ದೂ ಹೌದು. ಆದರೆ ವಿನೋದದ ಬೆಲೆಯನ್ನು ತೆತ್ತವನು ಬುಂದೇಲಖಂಡದವನು. ಇದಕ್ಕೆ ಎರಡು ವರ್ಷ ಮೊದಲು, 1971ರಲ್ಲಿ, ಮೈಕೇಲ್ ಮೂರ್‌ಕಾಕ್ ‘ದಿ ವಾರ್‌ಲಾರ್ಡ್ ಆಫ್ ದಿ ಏರ್’ ಬರೆದಿದ್ದರು. 1902ರಲ್ಲಿ ಹಿಮಾಲಯದ ಗಡಿಯಲ್ಲಿದ್ದ ಇಂಗ್ಲಿಷ್ ಸೇನಾಧಿಕಾರಿಯೊಬ್ಬ 1973ರಲ್ಲಿ ಕಣ್ಣುತೆರೆದು, ಗಾಳಿಹಡಗುಗಳು ಹಾರಾಡುವ, ಸಾಮ್ರಾಜ್ಯಗಳು ಅಳಿಯದೆ ಉಳಿದ ಲೋಕವೊಂದನ್ನು ಕಾಣುತ್ತಾನೆ. ಮೊದಲು ಮೆಚ್ಚಿ, ಅನಂತರ ಅದರ ಒಳಹೊಲಸನ್ನು ಕಂಡು ಬಂಡಾಯಗಾರರ ಕಡೆಗೆ ಸೇರುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಹೆಸರಿಲ್ಲದಿದ್ದ ಕಾಲದ ಈ ಕೃತಿಯು ಹೆಸರು ಬಂದ ಮೇಲಿನ ಅನೇಕ ಕೃತಿಗಳಿಗಿಂತ ಎಚ್ಚರದ್ದು. ಜೀಟರ್ ಅವರ ಗೆಳೆಯರ ಗುಂಪು ಇಂತಹ ಪ್ರಶ್ನೆಗಳಿಗೆ ಹೋಗಲಿಲ್ಲ. ಜೀಟರರ ‘ಮಾರ್ಲಾಕ್ ನೈಟ್’ 1979ರದು, ವೆಲ್ಸನ ‘ಕಾಲಯಂತ್ರ’ದ ಮುಂದುವರಿಕೆ, ಪವರ್ಸರ ‘ದಿ ಅನೂಬಿಸ್ ಗೇಟ್ಸ್’ 1983ರದು. ಮೇಹ್ಯೂ ಎಂಬಾತ ಸಂಗ್ರಹಿಸಿದ ಲಂಡನ್ ಬಡವರ ವೃತ್ತಾಂತಗಳನ್ನು ಅವರು ಆಕರವಾಗಿ ಬಳಸಿಕೊಂಡರು. ಲಂಡನ್ನಿನ ಕೊಳಚೆ ಅವರಿಗೆ ಕಂಡಿತು; ಲಂಡನ್ನಿನ ಸಂಪತ್ತು ಬರುತ್ತಿದ್ದ ಕಡೆ ಅವರು ತಿರುಗಲಿಲ್ಲ.

ಅಳಿಸಿದ ಪಾಠ ಮತ್ತೆ ಮೂಡಿದ್ದು ಎರಡು ಕಡೆಯಿಂದ. ಒಂದು, ಕಥೆಗಾರರಿಂದ. ಅಲನ್ ಮೂರ್ ಮತ್ತು ಕೆವಿನ್ ಓನೀಲ್ 1999ರಲ್ಲಿ ಆರಂಭಿಸಿದ ‘ದಿ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜೆಂಟಲ್‌ಮೆನ್’ ಎಂಬ ಚಿತ್ರಕಥಾಮಾಲೆಯಲ್ಲಿ ನೀಮೋ ಪೇಟ ಸುತ್ತಿದ, ಗಡ್ಡಧಾರಿಯಾದ, ಇಂಗ್ಲಿಷರನ್ನು ಕಂಡರೆ ಕುದಿಯುವ ಭಾರತೀಯ. ಅವನ ವೇ಼ಷ ಬುಂದೇಲರದಕ್ಕಿಂತ ಸಿಖ್ಖರದನ್ನೇ ಹೋಲುತ್ತದೆ, ನಿಜ. 2003ರ ಚಲನಚಿತ್ರದಲ್ಲಿ ಆ ಪಾತ್ರ ನಾಸಿರುದ್ದೀನ್ ಶಾ ಅವರದಾಯಿತು. 2024ರ ‘ನಾಟಿಲಸ್’ ಧಾರಾವಾಹಿಯಲ್ಲಿಯೂ ನೀಮೋ ಭಾರತದ ರಾಜಕುಮಾರನೇ. ಇನ್ನೊಂದು, ಪಾಠಶೋಧಕರಿಂದ. ವಾಲ್ಟರ್ ಜೇಮ್ಸ್ ಮಿಲ್ಲರ್ 1965ರಲ್ಲಿ ಮರ್ಸಿಯರನ ಕತ್ತರಿಪ್ರಯೋಗವನ್ನು ಬಯಲಿಗೆಳೆದರು. 1935ರಷ್ಟು ಹಿಂದೆಯೇ ಪ್ಯಾರಿಸಿನಲ್ಲಿ ವರ್ನ್ ಸಂಘವೊಂದಿತ್ತು. ಉತ್ತರ ಅಮೆರಿಕದ ಸಂಘ 1993ರಲ್ಲಿ ಹುಟ್ಟಿತು. ಇವುಗಳಲ್ಲಿ ಪ್ರಾಧ್ಯಾಪಕರೂ ಇದ್ದರು, ಅಕ್ಷರದ ಪ್ರೀತಿಯ ಹೊರತು ಬೇರೆ ಅರ್ಹತೆಯಿಲ್ಲದವರೂ ಇದ್ದರು. ಎಫ್. ಪಿ. ವಾಲ್ಟರ್ 1991ರಲ್ಲಿ ಸಿದ್ಧಪಡಿಸಿದ ‘ಇಪ್ಪತ್ತು ಸಾವಿರ ಲೀಗು’ಗಳ ಸಮಗ್ರ ಅನುವಾದವನ್ನು ಯಾರು ಬೇಕಾದರೂ ಓದಲಿ ಎಂದು ಉಚಿತವಾಗಿ ಬಿಟ್ಟುಕೊಟ್ಟರು. ‘ರಹಸ್ಯದ್ವೀಪ’ದ ಪೂರ್ಣಪಾಠ ಸಿಡ್ನಿ ಕ್ರಾವಿಟ್ಜ್ ಅವರ ಅನುವಾದದಲ್ಲಿ 2001ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದಿಂದ ಹೊರಬಂತು. ಕಿಂಗ್‌ಸ್ಟನ್ ದಂಪತಿಗಳ ಪ್ರಕ್ಷೇಪ ಬಂದು ಅಷ್ಟರಲ್ಲಿ ನೂರಿಪ್ಪತ್ತಾರು ವರ್ಷಗಳಾಗಿದ್ದವು.

ಹೊಸ ಶತಮಾನದಲ್ಲಿ ಬಳಗ ದೊಡ್ಡದಾಯಿತು. ಯಾರೇ ಆಗಲಿ ಪ್ರತಿ ಮಾಡಿ ಹಂಚಬಹುದೆಂಬ ಅನುಮತಿಯೊಡನೆ ‘ಸ್ಟೀಮ್‌ಪಂಕ್ ಮ್ಯಾಗಝೀನ್’ ಬಂತು. ಫಿಲಡೆಲ್ಫಿಯದ ಹುಡುಗರ ವಿನಿಮಯನೀತಿಯೇ ಅದರಲ್ಲಿ ಮರುಹುಟ್ಟು ಪಡೆಯಿತೆನ್ನಬಹುದು. 2009ರಿಂದ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಸಮಾವೇಶಗಳು ನಡೆಯುತ್ತಿವೆ. ಜನ ಹಿತ್ತಾಳೆಯ ಕನ್ನಡಕ ಧರಿಸಿ, ತಾವೇ ಹೊಲಿದ ಉಡುಪುಗಳಲ್ಲಿ ಬರುತ್ತಾರೆ. ಆ ಉಡುಪುಗಳಲ್ಲಿ ವಸಾಹತಿನ ಅಧಿಕಾರಿಯ ಬೆಂಡಿನ ಟೋಪಿಯೂ ಇರುತ್ತದೆ. ಅದನ್ನು ಧರಿಸಿದವನಿಗೆ ದುರುದ್ದೇಶವಿರಬೇಕೆಂದೇನೂ ಇಲ್ಲ. ಕಿಂಗ್‌ಸ್ಟನ್ನನ ಪಾಠವನ್ನು ಓದಿ ಬೆಳೆದವನಿಗೆ ಆ ಟೋಪಿಯಲ್ಲಿ ಬೇರೇನೂ ಕಾಣುವುದಿಲ್ಲ, ಅಷ್ಟೆ. 2010ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಸ್ಟ್ರಾಸ್ ಈ ಕಥನವು ಸಾಮ್ರಾಜ್ಯದ ಹಸಿವು ಕ್ರೌರ್ಯಗಳನ್ನು ಮರೆಸಿ ಮೆರುಗು ಕೊಡುತ್ತಿದೆಯೆಂದು ಕಟುವಾಗಿ ಬರೆದರು.

ಉತ್ತರ ಟೀಕೆಯ ರೂಪದಲ್ಲಿ ಬರಲಿಲ್ಲ, ಕಥೆಗಳ ರೂಪದಲ್ಲಿ ಬಂತು. ಇದು ಬಳಗದ ಸ್ವಭಾವಕ್ಕೆ ತಕ್ಕದ್ದೇ. ಅದೇ 2010ರ ‘ಸ್ಟೀಮ್‌ಪಂಕ್ ರೀಲೋಡೆಡ್’ ಸಂಕಲನದಲ್ಲಿ ಶ್ವೇತಾ ನಾರಾಯಣ್ ಅವರ ಕಥೆಯೊಂದು ಅಕ್ಬರನ ಯಾಂತ್ರಿಕ ಪಕ್ಷಿಶಾಲೆಯನ್ನು ಕುರಿತದ್ದು. ಜೇಮಿ ಗೋ ಮತ್ತು ಜಾಯ್ಸ್ ಚಂಗ್ 2015ರಲ್ಲಿ ಆಗ್ನೇಯ ಏಷ್ಯದ ಸ್ಟೀಮ್‌ಪಂಕ್ ಕಥೆಗಳನ್ನು ಸಂಪಾದಿಸಿದರು. ನಿಸಿ ಶಾಲ್ ಅವರ 2016ರ ‘ಎವರ್‌ಫೇರ್’ ಕಾದಂಬರಿಯಲ್ಲಿ ಬೆಲ್ಜಿಯಂನ ಲಿಯೋಪೋಲ್ಡನು ರಬ್ಬರಿಗಾಗಿ ಕೈಗಳನ್ನು ಕಡಿಸಿದ ಕಾಂಗೋ ದೇಶವೇ ಆವಿಯಂತ್ರವನ್ನು ಕೈಗೆತ್ತಿಕೊಳ್ಳುತ್ತದೆ; ಕಡಿದ ಕೈಗಳಿಗೆ ಅಲ್ಲಿ ಲೋಹದ ಕೈಗಳು ಬರುತ್ತವೆ. ಹಿತ್ತಾಳೆಯ ಅಲಂಕಾರವು ಅಲಂಕಾರವಾಗಿ ಉಳಿಯದೆ ಅರ್ಥವಾದ ಸ್ಥಳವಿದು. ಇವುಗಳಿಗಿಂತ ಎಷ್ಟೋ ಮುಂಚೆ, 1905ರಲ್ಲಿ, ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಝೀನ್’ನಲ್ಲಿ ರುಕಿಯಾ ಸಖಾವತ್ ಹುಸೇನ್ ಪ್ರಕಟಿಸಿದ ‘ಸುಲ್ತಾನಳ ಕನಸು’ ಎಂಬ ಕಥೆಯಲ್ಲಿ ಹೆಂಗಸರು ಸೂರ್ಯಶಾಖದಿಂದ ಶತ್ರುಗಳನ್ನು ಓಡಿಸಿ, ಗಾಳಿಬಂಡಿಯಲ್ಲಿ ಸಂಚರಿಸುತ್ತಾರೆ. ಬಳಗದವರು ಈಗ ಅದನ್ನೂ ತಮ್ಮ ಪೂರ್ವಕೃತಿಗಳ ಸಾಲಿನಲ್ಲಿ ಓದುತ್ತಿದ್ದಾರೆ. ಚೆನ್ನೈಯ ನಮ್ಮ ಸಂಶೋಧಕರಿಗೆ ಆ ಪತ್ರಿಕೆಯ ಹಳೆಯ ಸಂಚಿಕೆಗಳು ಬೇರೆ ಕಾರಣಗಳಿಗೂ ಪರಿಶೀಲನಾರ್ಹ.

ಕೊನೆಯದಾಗಿ ಒಂದು ಕಾರ್ಯಸೂಚನೆ. ಭಾರತೀಯ ಭಾಷೆಗಳಲ್ಲಿ ವರ್ನನ ಅನುವಾದ ಅಥವಾ ಸಂಗ್ರಹಾನುವಾದ ಕೈಗೆ ಸಿಕ್ಕಾಗ, ಅದು ಯಾವ ಇಂಗ್ಲಿಷ್ ಪಾಠದಿಂದ ಇಳಿದದ್ದೆಂಬುದನ್ನು ಮೊದಲು ನಿರ್ಣಯಿಸಬೇಕು. ಮುನ್ನುಡಿಗಳು ಇದನ್ನು ಹೇಳುವುದು ಅಪರೂಪ. ‘ರಹಸ್ಯದ್ವೀಪ’ದ ಮಟ್ಟಿಗೆ ಪರೀಕ್ಷೆ ಸುಲಭ: ಮೂರನೆಯ ಭಾಗದ ಹದಿನಾರನೆಯ ಅಧ್ಯಾಯವನ್ನು ತೆರೆದು, 1857ರ ಪ್ರಸ್ತಾಪ ಬರುವ ಕಡೆ ನೋಡಬೇಕು. ಇಂಗ್ಲಿಷರು ಶಾಂತಿ ಸಮೃದ್ಧಿಗಳನ್ನು ತಂದರೆಂಬ ವಾಕ್ಯ ಅಲ್ಲಿದ್ದರೆ ಅದು ಕಿಂಗ್‌ಸ್ಟನ್ ಪಾಠದ ಸಂತಾನ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಮರಾಠಿ, ತೆಲುಗು, ಉರ್ದು, ಹಿಂದಿ ಅನುವಾದಗಳು ಕೈಗೆಟುಕುವ ದೂರದಲ್ಲಿರುವ ನಮ್ಮ ಮಿತ್ರರು ಕನ್ನಡದವುಗಳ ಜೊತೆಯಲ್ಲಿ ಅವನ್ನೂ ಹೀಗೆ ಹೋಲಿಸಿ ನೋಡಿದರೆ, ಟೀಪೂವಿನ ಸೋದರಳಿಯನು ಯಾವ ಭಾಷೆಯಲ್ಲಿ ಯಾವ ವರ್ಷ ತನ್ನ ಮಾತನ್ನು ಮರಳಿ ಪಡೆದನೆಂಬುದರ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು.